ಒಂದೇ ಮೊಳೆಗೆ ಎರಡು ಹಲಗೆ

“ಮಂಗ್ಯಾನ ಕೈಯಾಗ ಮಾಣಿಕ ಕೊಟ್ಟಂಗ ಆತು! ಎಂಟನೇತ್ತಾ ನಪಾಸಾದಾಂವ. ಮೋಟರ್ ಸುತ್ತಿ ಹೊಟ್ಟಿ ಹೊರಕೊಳ್ಳೂದ ಬಿಟ್ಟು ಕಂಪ್ಯೂಟರ್ ಬರೀತೇನಿ ಅಂತ ಹೊಂಟ್ರ ಹಿಂಗ ಆಗ್ತೈತಿ.”

ಸೋಮವಾರ, ಬೆಳಗಿನ ಆರು ಗಂಟೆ. ಮೌಳಂಗಿಯಿಂದ ತುಸು ಕೆಳಗೆ, ಕಾಳಿ ನದಿಯ ದಂಡೆಯ ಪಂಪ್‌ಮನೆ. ಬೈಯುತ್ತಿರುವವರು ನೀರಿನ ಸಂಘದ ಅಧ್ಯಕ್ಷ ಶಿವಲಿಂಗಪ್ಪ. ಬೈಸಿಕೊಳ್ಳುತ್ತಿರುವವರು ದಾಂಡೇಲಿಯ ಮನ್ಸೂರ, ವಯಸ್ಸು ನಲವತ್ತೇಳು. ಸುತ್ತ ಖಾಲಿ ಕೊಡ ಹಿಡಿದು ನಿಂತ ಮೂವತ್ತು ಮಂದಿ. ಹಿಂದಿನ ದಿನ ಬೆಳಗ್ಗೆ ಇಲ್ಲಿನ ಪಂಪು ಸುಟ್ಟಿದೆ. ಆರು ಊರಿಗೆ ನೀರಿಲ್ಲ. ಪಂಪು ಶುರು ಮಾಡುವುದು, ನಿಲ್ಲಿಸುವುದು ಎರಡೂ ಗೋಡೆಯ ಮೇಲಿನ ಒಂದು ಪುಟ್ಟ ಕಂಪ್ಯೂಟರಿನ ಕೆಲಸ. ಅದಕ್ಕೆ ಆಜ್ಞೆ ಬರೆದವರು ಮನ್ಸೂರ.

ಅವರು ನೆಲಕ್ಕೆ ಮೊಣಕಾಲೂರಿ ಸುಟ್ಟ ಪಂಪಿನ ಬೋಲ್ಟು ಬಿಚ್ಚುತ್ತಿದ್ದಾರೆ. ತಲೆ ಎತ್ತದೆ ಅನ್ನುತ್ತಾರೆ: “ಸಂಜೀಕ ನೀರ ಬಿಡ್ತೇನ್ರಿ. ಹಳಿಯಾಳದಿಂದ ಬ್ಯಾರೆ ಪಂಪ್ ಹೊಂಟೈತಿ. ಯಾಕ ಸುಟ್ತು ಅನ್ನೂದು ಆಮ್ಯಾಲ ನೋಡೂಣು.”

“ಆಮ್ಯಾಲ ಗೀಮ್ಯಾಲ ಇಲ್ಲ. ಶುಕ್ರವಾರ ಸಭಾ ಐತಿ. ಯಾಕ ಸುಟ್ತು ಅಂತ ಎಲ್ಲಾರ ಮುಂದ ತೋರಸು. ಇಲ್ಲಂದ್ರ ಏಳೂ ಪಂಪಿನ ಕೀಲಿ ಟೇಬಲ್ ಮ್ಯಾಲ ಇಟ್ಟು ಮನೀ ಹಾದಿ ಹಿಡಿ. ಕಂಪನಿಯವರು ನೋಡ್ಕೋತಾರ.”

ಅಧ್ಯಕ್ಷರ ಬೆನ್ನ ಹಿಂದೆ ಆ ಕಂಪನಿಯ ಎಂಜಿನಿಯರ್ ನಿಂತಿದ್ದಾನೆ. ಹುಬ್ಬಳ್ಳಿಯ ಹುಡುಗ, ಹೆಸರು ಕಿರಣಕುಮಾರ. ಕಂಪ್ಯೂಟರ್ ಡಬ್ಬಿಗಳ ಸರ್ವಿಸ್ ಅವನ ಪಾಲಿಗೆ. ಅವನು ಮೊಬೈಲ್ ನೋಡುತ್ತಿದ್ದಾನೆ.

ನಲ್ಲಿಯಲ್ಲಿ ನೀರು ಬಂದಾಗ ಮನ್ಸೂರ ಯಾರು ಅಂತ ಒಬ್ಬರೂ ಕೇಳುವುದಿಲ್ಲ. ಬಾರದ ದಿನ ಮಾತ್ರ ಅವರು ಎಷ್ಟನೇ ಇಯತ್ತೆಯಲ್ಲಿ ನಪಾಸಾದರು ಅನ್ನುವುದು ಊರಿಗೆಲ್ಲ ನೆನಪಾಗುತ್ತದೆ. ಅಲ್ಲ, ನಾಲ್ಕು ವರ್ಷ ಅವರ ಬರವಣಿಗೆಯೇ ನೀರು ಕೊಟ್ಟಿತಲ್ಲ? ಆಗ ಆ ಎಂಟನೇ ಇಯತ್ತೆ ಎಲ್ಲಿಗೆ ಹೋಗಿತ್ತು?

ಸೋಮವಾರ ಸಂಜೆ ಐದೂವರೆಗೆ ನೀರು ಬರುತ್ತದೆ. ಹೇಳಿದ ಮಾತಿನಂತೆ. ಕೊಡ ತುಂಬಿಕೊಂಡು ಹೋದವರಲ್ಲಿ ತಿರುಗಿ ನೋಡಿದವರನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಸಂಘದ ಏಳು ಪಂಪ್‌ಮನೆಗಳಿವೆ. ಮನ್ಸೂರ ಬೆಳಗಿನ ನಾಲ್ಕಕ್ಕೆ ಏಳುತ್ತಾರೆ. ನಮಾಜು ಮುಗಿಸಿ, ಹಳೆಯ ಮೋಟರ್ ಸೈಕಲ್ಲಿಗೆ ಪಾನಾ, ಪೇಚು, ಟೆಸ್ಟರ್, ಒಂದು ಲ್ಯಾಪ್‌ಟಾಪು ತುಂಬಿದ ಚೀಲ ಬಿಗಿದು ಹೊರಡುತ್ತಾರೆ. ಒಂದು ದಿನ ಕುಳಗಿ ಕಡೆ, ಒಂದು ದಿನ ಕುಂಬಾರವಾಡ. ಅಲ್ಲಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವಾರಕ್ಕೊಮ್ಮೆ ಮುಂಡಗೋಡ. ದಿನಕ್ಕೆ ಸರಾಸರಿ ತೊಂಬತ್ತು ಕಿಲೋಮೀಟರ್. ಈ ಮೌಳಂಗಿ ಕಡೆಯ ಪಂಪು ಒಂದೇ ದಿನಕ್ಕೆ ಎರಡು ಲಕ್ಷ ನಲವತ್ತು ಸಾವಿರ ಲೀಟರ್ ನೀರು ಎತ್ತುತ್ತದೆ. ನಾಲ್ಕು ಸಾವಿರ ಜನ ಕುಡಿಯುತ್ತಾರೆ, ತೊಳೆಯುತ್ತಾರೆ, ಚೆಲ್ಲುತ್ತಾರೆ.

ಶಾಲೆ ಬಿಟ್ಟ ವರ್ಷವೇ ಅವರು ದಾಂಡೇಲಿಯ ಒಂದು ಮೋಟರ್ ರಿವೈಂಡಿಂಗ್ ಅಂಗಡಿ ಸೇರಿದರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಮೋಟರಿನ ಮೇಲಿನ ತಗಡಿನ ಪಟ್ಟಿಗಳಿಂದ. ಒಮ್ಮೆ ಯಾವುದೋ ಕಚೇರಿ ಮುಚ್ಚಿ ಸಾಮಾನೆಲ್ಲ ಗುಜರಿಗೆ ಬಂತು. ಅದರಲ್ಲಿ ಒಂದು ಹಳೆಯ ಕಂಪ್ಯೂಟರು, ಜೊತೆಗೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ತಾಮ್ರ ತೆಗೆಯಲೆಂದು ಅದನ್ನು ತಂದ ಮನ್ಸೂರ ಪುಸ್ತಕ ಬಿಚ್ಚಿ ಕೂತರು. ಓದಿ ಮುಗಿಸಲು ನಾಲ್ಕು ವರ್ಷ ಹಿಡಿಯಿತು.

“ಒಂದ ಸಾಲಿಗೆ ಮೂರ ಸಲ ಡಿಕ್ಷನರಿ ತಗೀತಿದ್ದೆ. ಅಂಗಡಿ ಮಾಲಕ ಅಂತಿದ್ದ, ‘ಏನಪಾ, ವಕೀಲ ಆಗಾಂವೇನು?’ ಅಂತ” ಎಂದು ನಗುತ್ತಾರೆ. ಈಗಲೂ ಆ ಪುಸ್ತಕ ಇದೆ. ರಟ್ಟು ಹೋಗಿದೆ, ಹೆಂಡತಿ ಅನೀಸಾ ಅಂಗಿಬಟ್ಟೆಯ ಹೊದಿಕೆ ಹೊಲಿದು ಹಾಕಿದ್ದಾರೆ.

ಆ ಪುಸ್ತಕದಲ್ಲಿದ್ದದ್ದು ಶೆಲ್ಲಿನ ವಿದ್ಯೆ. ಶೆಲ್ ಅಂದರೆ ನಾವು ಬರೆದುಕೊಟ್ಟ ಆಜ್ಞೆಗಳನ್ನು ಸಾಲು ಸಾಲಾಗಿ ಓದಿ ಕಂಪ್ಯೂಟರಿನ ಕಡೆಯಿಂದ ಮಾಡಿಸುವ ಒಂದು ಪ್ರೋಗ್ರಾಮು. ಮನ್ಸೂರ ಅದನ್ನು ಮುಕಾದಮ ಅನ್ನುತ್ತಾರೆ. “ಚೀಟಿ ಕೊಟ್ರ ಮುಕಾದಮ ಒಂದೊಂದ ಸಾಲ ಓದಿ ಆಳಿನ ಕಡಿಂದ ಕೆಲಸಾ ಮಾಡಸ್ತಾನಲ್ರಿ, ಹಂಗ.” ಅವರು ಕಲಿತ ಶೆಲ್ಲಿನ ಹೆಸರು ಕಾರ್ನ್. ಮುಕಾದಮರಲ್ಲಿ ಹಲವು ಜಾತಿ ಇವೆ. ಇವತ್ತು ಹೆಚ್ಚಿನ ಡಬ್ಬಿಗಳಲ್ಲಿ ಬರುವುದು ಬ್ಯಾಶ್ ಅನ್ನುವ ಇನ್ನೊಂದು.

ಪಂಪ್‌ಮನೆಯ ಮುಕಾದಮನಿಗೆ ಮನ್ಸೂರ ಬರೆದುಕೊಟ್ಟ ಚೀಟಿ ಇನ್ನೂರ ಹನ್ನೆರಡು ಸಾಲಿನದು. ಅದರಲ್ಲಿ ಒಂದು ಕೆಲಸದ ಹೊಟ್ಟೆಯಲ್ಲಿ ಇನ್ನೊಂದು ಕೆಲಸ. ಹೊರಗಿನದು ಪಂಪು ನಡೆಸುವುದು, ಅದರ ಒಳಗಿನದು ವಾಲ್ವ್ ತೆರೆದು ಟಾಕಿ ತುಂಬಿಸುವುದು. ಹೀಗೆ ಹೆಸರಿಟ್ಟು ಕಟ್ಟಿದ ಕೆಲಸಕ್ಕೆ ಫಂಕ್ಷನ್ ಅನ್ನುತ್ತಾರೆ. ಪ್ರತಿ ಫಂಕ್ಷನ್ ಶುರುವಾಗುವಾಗಲೇ ಮುಕಾದಮನಿಗೆ ಒಂದು ಕಡೆಯ ಮಾತು ಹೇಳಿಡಬಹುದು: ಕೆಲಸ ಮುಗಿಯಲಿ, ನಡುವೆಯೇ ಕೆಡಲಿ, ಹೊರಡುವ ಮುಂಚೆ ಇಷ್ಟು ಮಾಡಿ ಹೋಗು. ಇದೇ ಎಕ್ಸಿಟ್ ಟ್ರ್ಯಾಪ್. ಒಳಗಿನ ಫಂಕ್ಷನ್ನಿನ ಕಡೆಯ ಮಾತು, ವಾಲ್ವ್ ಮುಚ್ಚು. ಹೊರಗಿನದರ ಕಡೆಯ ಮಾತು, ಪಂಪು ನಿಲ್ಲಿಸು.

ಇದು ಮನ್ಸೂರರಿಗೆ ಹೊಸದಲ್ಲ. ಅವರ ತಂದೆ ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿದ್ದರು. ಅಲ್ಲಿ ಮಷೀನಿನೊಳಗೆ ಕೈ ಹಾಕುವವನು ಮೊದಲು ತನ್ನ ಹೆಸರಿನ ಮರದ ಹಲಗೆಯನ್ನು ಸ್ವಿಚ್ಚಿನ ಪಕ್ಕದ ಮೊಳೆಗೆ ತೂಗುಹಾಕಬೇಕು. ಹಲಗೆ ಇರುವ ತನಕ ಸ್ವಿಚ್ ಯಾರೂ ಮುಟ್ಟುವಂತಿಲ್ಲ. ಕೆಲಸ ಮುಗಿದ ಮೇಲೆ ಹಲಗೆ ತೆಗೆಯುವವನೂ ಅವನೇ.

“ಒಬ್ಬನ ಹಲಗಿ ಇನ್ನೊಬ್ಬ ಮುಟ್ಟಂಗಿಲ್ರಿ. ಮಾಲಕ ಬಂದ್ರೂ ಇಲ್ಲ, ಅವನ ಮಾವ ಬಂದ್ರೂ ಇಲ್ಲ. ಒಂದೊಂದ ಮಷೀನಿಗೆ ಒಂದೊಂದ ಮೊಳಿ. ನಾ ಮೊದಲನೇ ಸಲ ಈ ಟ್ರ್ಯಾಪ್ ಬರದು ನೋಡ್ದೆ. ಹೊರಗಿನ ಫಂಕ್ಷನ್ನಿಗೆ ಬ್ಯಾರೆ ಮೊಳಿ, ಒಳಗಿನದಕ್ಕ ಬ್ಯಾರೆ ಮೊಳಿ. ಅರೆ, ಇದು ನಮ್ಮ ಅಬ್ಬಾನ ಮಿಲ್ಲ ಐತಲ್ಲ ಅನ್ನಿಸ್ತು. ಖುಷಿ ಆತು. ಎಲ್ಲಾ ಮುಕಾದಮರೂ ಹಿಂಗ ಅಂತ ತಿಳ್ಕೊಂಡ್ಬಿಟ್ಟೆ.”

ತಪ್ಪು ಹುಟ್ಟಿದ್ದು ಆ ಖುಷಿಯಲ್ಲೇ.

ಪಂಪ್‌ಮನೆ ನೋಡಿಕೊಳ್ಳುವ ಗಿರಿಜಾಬಾಯಿ ಹೇಳುವುದಿಷ್ಟು: ರವಿವಾರ ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದರೆ ಒಳಗೆಲ್ಲ ಹೊಗೆ. ಟಾಕಿ ತುಂಬಿದೆ, ವಾಲ್ವ್ ಮುಚ್ಚಿದೆ, ಪಂಪಿನ ಮೈ ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿದೆ. “ನಾ ಅಂದೆ, ಇದರೊಳಗ ಯಾರರ ಚಾ ಇಟ್ಟಾರೇನೋ!” ಚಾ ಅಲ್ಲ, ಹೊರಗೆ ಹೋಗಲು ದಾರಿ ಇಲ್ಲದ ನೀರು ಪಂಪಿನೊಳಗೇ ಕುದಿದಿತ್ತು. ಮುಚ್ಚಿದ ವಾಲ್ವಿಗೆ ಎದುರಾಗಿ ತಿರುಗುವ ಇಂಥ ಪಂಪು ಕರೆಂಟು ಹೆಚ್ಚು ಎಳೆಯುವುದಿಲ್ಲ, ಕಡಿಮೆಯೇ ಎಳೆಯುತ್ತದೆ. ಹಾಗಾಗಿ ಕರೆಂಟು ಹೆಚ್ಚಾದರೆ ಪಂಪು ನಿಲ್ಲಿಸುವ ಸ್ಟಾರ್ಟರಿಗೂ ಸುಳಿವು ಸಿಕ್ಕಿಲ್ಲ. ಬೇರಿಂಗ್ ಜಾಮ್ ಆದ ಮೇಲೆಯೇ ಅದು ಟ್ರಿಪ್ ಆಗಿ ಕರೆಂಟು ಕಡಿದದ್ದು.

ಸೋಮವಾರ ಮಧ್ಯಾಹ್ನ, ಜನ ಚದುರಿದ ಮೇಲೆ, ಮನ್ಸೂರ ಗೋಡೆಯ ಪೆಟ್ಟಿಗೆ ತೆರೆಯುತ್ತಾರೆ. ಒಳಗಿನ ಕಂಪ್ಯೂಟರ್ ಡಬ್ಬಿ ತಾವು ಕೂರಿಸಿದ್ದಲ್ಲ. ಹೊಳೆಯುವ ಹೊಸದು. ಮೇಲೆ ಕಂಪನಿಯ ಲೇಬಲ್ಲು, ಶನಿವಾರದ ತಾರೀಖು. ಅವರು ಲ್ಯಾಪ್‌ಟಾಪು ಜೋಡಿಸಿ ಒಂದು ಸಾಲು ಹೊಡೆಯುತ್ತಾರೆ, ಉತ್ತರ ನೋಡುತ್ತಾರೆ.

“ಮುಕಾದಮ ಬದಲಾಗ್ಯಾನ. ಕಾರ್ನ್ ಇದ್ದಾಂವ ಬ್ಯಾಶ್ ಆಗ್ಯಾನ.”

“ಹಂಗಾದ್ರ ತಪ್ಪು ನಿಮ್ಮದಲ್ಲಲ್ಲ? ಹೋಗಿ ಹೇಳ್ರಿ” ಎಂದು ಪಕ್ಕದಲ್ಲಿದ್ದ ನಾನು ಅಂದರೆ ತಲೆ ಅಲ್ಲಾಡಿಸುತ್ತಾರೆ. “ಚೀಟಿ ಅದ ಐತ್ರಿ, ಒಂದಕ್ಷರ ಹೆಚ್ಚು ಕಡಿಮಿ ಇಲ್ಲ. ಹೊಸಾ ಮುಕಾದಮ ‘ನನಗ ತಿಳೀಲಿಲ್ಲ’ ಅಂತನೂ ಅಂದಿಲ್ಲ. ಪೂರಾ ಓದ್ಯಾನ, ಸುಮ್ಮನ ಮಾಡ್ಯಾನ. ಮತ್ತ ಪಂಪ್ ಯಾಕ ನಿಂದರ್ಲಿಲ್ಲ? ಅದು ತಿಳಿಯೂ ತನಕ ಯಾರ ಮ್ಯಾಲರ ಬಟ್ಟ ತೋರ್ಸಿ ಏನು ಮಾಡ್ಲಿ?”

ಮಂಗಳವಾರ ಪಂಪನ್ನು ಕೈಯಿಂದಲೇ ನಡೆಸುತ್ತಾರೆ, ಬುಧವಾರವೂ. ಬೆಳಗ್ಗೆ ನೀರು ಬಿಟ್ಟು, ಹಗಲೆಲ್ಲ ದಾಂಡೇಲಿಯ ಮನೆಯ ಪಡಸಾಲೆಯಲ್ಲಿ ಅಂಥದೇ ಒಂದು ಡಬ್ಬಿ ಇಟ್ಟುಕೊಂಡು ಕೂರುತ್ತಾರೆ. ಒಂದು ಹಲಗೆಗೆ ಎರಡು ಬಲ್ಬು ಹೊಡೆದಿದ್ದಾರೆ. ಕೆಂಪು ಅಂದರೆ ಪಂಪು, ಹಸಿರು ಅಂದರೆ ವಾಲ್ವು. ಚೀಟಿ ಓಡಿಸುತ್ತಾರೆ, ಗುರುತು ಹಾಕುತ್ತಾರೆ, ಮತ್ತೆ ಓಡಿಸುತ್ತಾರೆ. ಕಣ್ಣೆಲ್ಲ ಲ್ಯಾಪ್‌ಟಾಪಿನ ಅಕ್ಷರಗಳ ಮೇಲೆ.

“ಎರಡ ದಿನ ಆತು, ಆ ಡಬ್ಬಿ ಜೋಡಿ ಮಾತಾಡ್ಲಿಕತ್ತಾರ. ನನ್ನ ಜೋಡಿ ಅಷ್ಟ ಮಾತಾಡಿದ್ರ ನಾ ಯಾವಾಗೋ ಕಂಪ್ಯೂಟರ್ ಕಲೀತಿದ್ದೆ” ಎನ್ನುತ್ತಾರೆ ಅನೀಸಾ.

ಬುಧವಾರ ಮಧ್ಯಾಹ್ನ ಗಂಟು ಬಿಚ್ಚಿಕೊಟ್ಟವರೂ ಅವರೇ. ಚಹಾ ತಂದಿಡುತ್ತ ಬಲ್ಬಿನ ಹಲಗೆ ನೋಡಿ ಕೇಳುತ್ತಾರೆ: “ಹಸರು ಆರ್ತು. ಕೆಂಪ ಯಾಕ ಹಂಗ ಉರ್ಯಾಕತ್ತೈತಿ? ಅದನ್ನ ಆರ್ಸಾಕ ಯಾರಿಗೂ ಹೇಳಿಲ್ಲೇನು?”

“ಹೇಳೇನಲ್ಲ. ಮೊದಲ ಅದನ್ನ ಹೇಳೇನಿ.”

“ಮತ್ತ ಆಮ್ಯಾಲ ಇನ್ನೊಂದ ಹೇಳಿರಬೇಕು. ಮೊದಲಿನದನ್ನ ಮರತಾನ ನಿಮ್ಮ ಮುಕಾದಮ.”

ಮನ್ಸೂರ ಬಸಿಯಲ್ಲಿ ಹೊಯ್ದ ಚಹಾ ಕೆಳಗಿಟ್ಟು, ಚೀಟಿಯ ಎರಡು ಟ್ರ್ಯಾಪ್ ಸಾಲುಗಳಿಗೆ ಗುರುತು ಹಾಕುತ್ತಾರೆ. ಆಮೇಲೆ ಜೋರಾಗಿ ನಗುತ್ತಾರೆ. ಪಕ್ಕದ ಮನೆಯವರು ಇಣುಕುವಷ್ಟು ಜೋರು.

ಸಂಗತಿ ಇಷ್ಟೇ. ಅವರು ಬರೆದ ರೀತಿಯ ಫಂಕ್ಷನ್ನುಗಳಿಗೆ ಕಾರ್ನ್ ಶೆಲ್ಲಿನಲ್ಲಿ ಒಂದೊಂದಕ್ಕೆ ಅದರದೇ ಮೊಳೆ. ಒಳಗಿನದು ಮುಗಿದ ತಕ್ಷಣ ವಾಲ್ವ್ ಮುಚ್ಚುತ್ತದೆ, ಹೊರಗಿನದು ಮುಗಿದಾಗ ಪಂಪು ನಿಲ್ಲುತ್ತದೆ. ಬ್ಯಾಶಿನಲ್ಲಿ ಹಾಗಲ್ಲ. ಇಡೀ ಮನೆಗೆ ಒಂದೇ ಮೊಳೆ. ಹೊರಗಿನ ಫಂಕ್ಷನ್ ‘ಪಂಪು ನಿಲ್ಲಿಸು’ ಅನ್ನುವ ಹಲಗೆ ತೂಗುಹಾಕಿದೆ. ಒಳಗಿನದು ಬಂದು ಅದನ್ನು ಕಿತ್ತು ಬಿಸಾಕಿ, ಅದೇ ಮೊಳೆಗೆ ‘ವಾಲ್ವ್ ಮುಚ್ಚು’ ಹಾಕಿದೆ. ಒಳಗಿನ ಫಂಕ್ಷನ್ ಮುಗಿದಾಗ ಈ ಮುಕಾದಮ ಏನೂ ಮಾಡುವುದಿಲ್ಲ. ಇಡೀ ಚೀಟಿ ಮುಗಿದು ಮನೆಗೆ ಹೊರಡುವಾಗ ಮೊಳೆ ನೋಡುತ್ತಾನೆ. ಅಲ್ಲಿರುವುದು ಒಂದೇ ಹಲಗೆ. ವಾಲ್ವ್ ಮುಚ್ಚಿ ಹೋಗಿಬಿಡುತ್ತಾನೆ. ಪಂಪು ತಿರುಗುತ್ತಲೇ ಇರುತ್ತದೆ.

ಪದವಿ ಪಡೆದವರು ಬರೆದಿದ್ದರೆ ಇದು ಆಗುತ್ತಿರಲಿಲ್ಲವೇ? ಧಾರಾಳ ಆಗುತ್ತಿತ್ತು. ಆದರೆ ಆಗ ಅದಕ್ಕೆ ‘ತಾಂತ್ರಿಕ ದೋಷ’ ಅಂತ ಅಂದವಾದ ಹೆಸರು ಸಿಗುತ್ತಿತ್ತು, ಮಂಗ್ಯಾ ಮಾಣಿಕದ ಗಾದೆ ಯಾರ ಬಾಯಿಗೂ ಬರುತ್ತಿರಲಿಲ್ಲ.

“ಮೊಳಿ ಒಂದ ಇದ್ರ ಅದಕ್ಕೊಂದು ದಾರ ಕಟ್ಟಬೇಕ್ರಿ” ಎನ್ನುತ್ತಾರೆ ಮನ್ಸೂರ, ಗುರುವಾರ ಹೊಸ ಚೀಟಿ ತೋರಿಸುತ್ತ. ಈಗ ಟ್ರ್ಯಾಪ್ ಒಂದೇ, ಎಲ್ಲಕ್ಕಿಂತ ಹೊರಗೆ. ಯಾವ ಫಂಕ್ಷನ್ನೂ ಮೊಳೆ ಮುಟ್ಟುವುದಿಲ್ಲ. ತನ್ನ ಕಡೆಯ ಕೆಲಸವನ್ನು ಒಂದು ಯಾದಿಗೆ ಸೇರಿಸುತ್ತದೆ, ದಾರಕ್ಕೆ ಹಲಗೆ ಪೋಣಿಸಿದಂತೆ. ಹೊರಡುವಾಗ ಮುಕಾದಮ ಕಡೆಗೆ ಪೋಣಿಸಿದ್ದನ್ನು ಮೊದಲು ತೆಗೆಯುತ್ತಾನೆ. ವಾಲ್ವು, ಆಮೇಲೆ ಪಂಪು. ಮುಕಾದಮ ಯಾವ ಜಾತಿಯವನಾದರೂ ಇದು ನಡೆಯುತ್ತದೆ. ಸಾಲದ್ದಕ್ಕೆ, ಚೀಟಿಯ ಮೊದಲ ಸಾಲಿನಲ್ಲಿ ಯಾವ ಶೆಲ್ ಇದನ್ನು ಓದಬೇಕು ಅಂತ ಹೆಸರು ಬರೆದಿದ್ದಾರೆ. ಹಳೆಯ ಚೀಟಿಯಲ್ಲಿ ಆ ಸಾಲೇ ಇರಲಿಲ್ಲ.

ಶುಕ್ರವಾರ ಹತ್ತು ಗಂಟೆ. ಪಂಪ್‌ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಸಭೆ. ನಲವತ್ತು ಜನ ಬಂದಿದ್ದಾರೆ. ಮನ್ಸೂರ ಮೊದಲು ಏಳೂ ಪಂಪ್‌ಮನೆಗಳ ಕೀಲಿಗೊಂಚಲು ತೆಗೆದು ಟೇಬಲ್ ಮೇಲೆ ಇಡುತ್ತಾರೆ, ಆಮೇಲೆ ಬಲ್ಬಿನ ಹಲಗೆ.

“ಏನಿದು, ದೀಪಾವಳಿ ಹತ್ರ ಬಂತೇನು?” ಶಿವಲಿಂಗಪ್ಪ ಕೇಳುತ್ತಾರೆ. ಜನ ನಗುತ್ತಾರೆ.

“ಸ್ವಲ್ಪ ನೋಡ್ರಿ, ಸಾಹೇಬ್ರ.”

ಹಳೆಯ ಚೀಟಿ, ಕಾರ್ನ್ ಶೆಲ್. ಎರಡೂ ಬಲ್ಬು ಹತ್ತುತ್ತವೆ. ಹಸಿರು ಆರುತ್ತದೆ, ಕೆಂಪೂ ಆರುತ್ತದೆ. ಅದೇ ಚೀಟಿ, ಬ್ಯಾಶ್. ಹಸಿರು ಆರುತ್ತದೆ. ಕೆಂಪು ಉರಿಯುತ್ತಲೇ ಇದೆ. ಒಂದು ನಿಮಿಷ, ಎರಡು ನಿಮಿಷ. ಶೆಡ್ಡಿನಲ್ಲಿ ಯಾರೂ ನಗುತ್ತಿಲ್ಲ. ಎಲ್ಲರಿಗಿಂತ ಹಿಂದೆ, ಬಾಗಿಲ ಚೌಕಟ್ಟಿಗೆ ಆತು ನಿಂತ ಕಿರಣಕುಮಾರ ಮೊಬೈಲನ್ನು ಕಿಸೆಗೆ ಹಾಕಿದ್ದಾನೆ.

“ಹಿಂಗ ಸುಟ್ಟದ್ದು” ಎಂದು ಮನ್ಸೂರ ಮೊಳೆ, ಹಲಗೆಯ ಕತೆ ಹೇಳುತ್ತಾರೆ. ಮಿಲ್ಲಿನಲ್ಲಿ ದುಡಿದ ಮುದುಕರು ತಲೆದೂಗುತ್ತಾರೆ. ಹೊಸ ಚೀಟಿ ಎರಡೂ ಶೆಲ್ಲಿನಲ್ಲಿ ಓಡುತ್ತದೆ. ಟಾಕಿ ತುಂಬಿದ ಹಾಗೆ ಮಾಡಿ, ನಡುವೆ ಕೈಯಿಂದ ನಿಲ್ಲಿಸಿ, ಸೆನ್ಸರಿನ ತಂತಿ ಕಿತ್ತು, ಮೂರು ಥರ ಕೆಡಿಸಿ ನೋಡುತ್ತಾರೆ. ಮೂರೂ ಸಲ ಮೊದಲು ಹಸಿರು, ಆಮೇಲೆ ಕೆಂಪು.

“ಹಂಗಾದ್ರ ಇನ್ನ ಯಾವತ್ತೂ ಸುಡಂಗಿಲ್ಲೇನು?” ಗಿರಿಜಾಬಾಯಿಯ ಪ್ರಶ್ನೆ.

“ಹಂಗ ಅಂದ್ರ ಸುಳ್ಳಾಗ್ತೈತಿ, ಬಾಯಿ. ಚೀಟಿ ನಡಿಯೂ ಮುಂದ ಯಾರರ ಮುಕಾದಮನ ಕುತಗಿ ಹಿಚಿಕಿದ್ರ ಅಂವಾ ಕಡೀ ಮಾತು ನಡಸಂಗಿಲ್ಲ. ಅಂಥಾ ಆಜ್ಞಾನೂ ಐತಿ. ಅದಕ್ಕ ಪೈಪಿಗೆ ಒಂದು ಪ್ರೆಶರ್ ಸ್ವಿಚ್ ಹಾಕೇನಿ. ಒತ್ತಡ ಏರ್ತಂದ್ರ ಅದು ಯಾರನ್ನೂ ಕೇಳಂಗಿಲ್ಲ, ಪಂಪ್ ಬಂದ್ ಮಾಡ್ತೈತಿ.”

ಆಗ ಶಿವಲಿಂಗಪ್ಪ ಕೇಳಬೇಕಾದದ್ದನ್ನು ಕೇಳುತ್ತಾರೆ. “ಅಲ್ಲೋ, ಹಳೇ ಚೀಟಿ ನಾಕ ವರ್ಷ ಛಲೋ ನಡದಿತ್ತು. ಈ ಹೊಸಾ ಮುಕಾದಮ ಈಗ ಎಲ್ಲಿಂದ ಬಂದ?”

ಬಾಗಿಲಲ್ಲಿ ಕಿರಣಕುಮಾರನ ಮುಖದ ಬಣ್ಣ ಇಳಿಯುತ್ತದೆ. ಮನ್ಸೂರ ಆ ಕಡೆ ನೋಡುವುದಿಲ್ಲ.

“ಇವತ್ತಿಲ್ಲ ನಾಳೆ ಬರಾಂವನ ಇದ್ನಿರಿ. ಯಾಂವ ಬಂದ್ರೂ ನಡಿಯೂ ಹಂಗ ನಾ ಬರೀಬೇಕಾಗಿತ್ತು. ಮೊದಲನೇ ಸಾಲಿನಾಗ ಹೆಸರು ಬರದಿದ್ದಿಲ್ಲ. ಎರಡೂ ತಪ್ಪು ನನ್ನವ.”

ಗಿರಿಜಾಬಾಯಿ ಎಲ್ಲರಿಗೂ ಕೇಳುವಂತೆ ಅನ್ನುತ್ತಾರೆ: “ಇಪ್ಪತ್ತ ವರ್ಷ ಆತು ಈ ಸಭಾದಾಗ ಕಸಾ ಹೊಡೀತೇನಿ. ‘ತಪ್ಪು ನಂದು’ ಅಂದಾಂವನ್ನ ಇವತ್ತ ಮೊದಲನೇ ಸಲ ನೋಡಿದೆ.”

ಶಿವಲಿಂಗಪ್ಪ ಕೆಮ್ಮುತ್ತಾರೆ. ಕೀಲಿಗೊಂಚಲನ್ನು ಒಂದು ಬೆರಳಿನಿಂದ ಮನ್ಸೂರರ ಕಡೆ ತಳ್ಳುತ್ತಾರೆ. “ಹೂಂ. ನಿನ್ನ ಹತ್ರನ ಇರ್ಲಿ.” ಸೋಮವಾರದ ಮಾತನ್ನು ಮೂವತ್ತು ಜನರ ಮುಂದೆ ಆಡಿದ್ದವರಿಗೆ ನಲವತ್ತು ಜನರ ಮುಂದೆ ಅದನ್ನು ಹಿಂದೆ ತೆಗೆದುಕೊಳ್ಳುವುದು ನೆನಪಾಗುವುದಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ.

ಹೊರಗೆ ಮನ್ಸೂರ ಬಲ್ಬಿನ ಹಲಗೆಯನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತಾರೆ. ಮುಖದಲ್ಲಿ ಜಗಳ ಗೆದ್ದ ಗತ್ತಿಲ್ಲ, ಹೊಟ್ಟೆ ತುಂಬ ಉಂಡೆದ್ದವರ ಸಮಾಧಾನವಿದೆ. ಬೇಸರ ಇಲ್ಲವೇ ಎಂದು ಕೇಳಿದರೆ, “ನೀರ ಬಂದಾವಲ್ರಿ” ಎನ್ನುತ್ತಾರೆ. ಏನಾದರೂ ಆಸೆ? “ಉಳದ ಆರೂ ಕಡೆ ಈ ಹೊಸಾ ಚೀಟಿ ಹಾಕಬೇಕು. ಇವತ್ತ ಕುಂಬಾರವಾಡ. ನಾ ಎಲ್ಲೇ ಇರ್ಲಿ, ಇಲ್ಲದನ ಇರ್ಲಿ, ಪಂಪ್ ಹೊತ್ತಿಗೆ ಸರಿಯಾಗಿ ತಾನ ನಿಂದರಬೇಕು. ಅಷ್ಟ.”

ಕಿರಣಕುಮಾರ ಹಿಂದಿನಿಂದ ಬಂದು ನಿಲ್ಲುತ್ತಾನೆ.

“ಚಾಚಾ, ಡಬ್ಬಿ ಮ್ಯಾಲಿನ ತಾರೀಖು ನೀವು ನೋಡೀರಿ. ಶನಿವಾರ ಅದನ್ನ ಬದ್ಲಿ ಮಾಡಿದಾಂವ ನಾನು. ನಿಮಗ ಒಂದು ಫೋನೂ ಮಾಡ್ಲಿಲ್ಲ. ಎಲ್ಲಾ ನಿಮಗ ಗೊತ್ತಿತ್ತು. ಮತ್ತ ಒಳಗ ಯಾಕ ನನ್ನ ಹೆಸರು ಹೇಳ್ಲಿಲ್ರಿ?”

ಮನ್ಸೂರ ಹುಡುಗನ ಮುಖ ನೋಡುತ್ತಾರೆ. ಆಮೇಲೆ ಶೆಡ್ಡಿನ ಕಡೆ ನೋಡುತ್ತಾರೆ. ಬಾಗಿಲು ತೆರೆದೇ ಇದೆ. ಒಳಗೆ ಸಭೆ ಇನ್ನೂ ನಡೆದಿದೆ, ಅಧ್ಯಕ್ಷರು ಕುರ್ಚಿಯಲ್ಲೇ ಇದ್ದಾರೆ. “ಒಬ್ಬನ ಹಲಗಿ ಇನ್ನೊಬ್ಬ ಮುಟ್ಟಂಗಿಲ್ಲಪಾ. ನಿಂದು ನೀನ ತಗೀಬೇಕು” ಅಂದು ಮನ್ಸೂರ ಚೀಲ ಹೆಗಲಿಗೆ ಏರಿಸಿ, ಮೋಟರ್ ಸೈಕಲ್ ನಿಲ್ಲಿಸಿದ ರಸ್ತೆಯ ಕಡೆಗೆ ದಿಬ್ಬ ಹತ್ತಿ ಹೋಗುತ್ತಾರೆ.